ಸೂರ್ಯನಿಗೆ ಬೆನ್ನು ಮಾಡಿ ಗ್ರಹಣ ನೋಡೋಣ



ಬೇಗೂರಿನ ಓದುಗ ಸಹೋದರಿಯೊಬ್ಬರು ಎರಡು ಪ್ರಶ್ನೆ ಬರೆದು ಕಳುಹಿಸಿದ್ದಾರೆ. 2027ರ ಆಗಸ್ಟ್ 2ರಂದು ಸೂರ್ಯಗ್ರಹಣವಿದೆ ಎಂದು ಜಿದ್ದಾದಲ್ಲಿ ಕೆಲಸಕ್ಕಿರುವ ಅವರ ತಮ್ಮ ಹೇಳಿದ್ದಾನೆ. ಅದನ್ನು ಕೇಳಿದ ಮಗ ಮೊಬೈಲಿನಲ್ಲಿ ಫೋಟೋ ತೆಗೆಯುತ್ತೇನೆಂದು ಈಗಲೇ ಹಠ ಹಿಡಿದಿದ್ದಾನೆ, ಬಿಡಬಹುದೇ ಎಂಬುದು ಒಂದು. ಇನ್ನೊಂದು ಹಳೆಯ ನೋವು. 2019ರ ಡಿಸೆಂಬರ್ 26ರ ಗ್ರಹಣದ ದಿನ ಅವರು ತುಂಬು ಗರ್ಭಿಣಿ. ವಠಾರದವರ ಮಾತು ಕೇಳಿ ಅತ್ತೆ ಅವರನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂರಿಸಿದರಂತೆ. ಬೆಳಗ್ಗೆ ಎಂಟರಿಂದ ಹನ್ನೊಂದು ದಾಟುವವರೆಗೆ ಒಂದು ಗುಟುಕು ನೀರೂ ಇಲ್ಲ. "ಇದಕ್ಕೆ ದೀನ್‌ನಲ್ಲಿ ಆಧಾರವಿದೆಯೇ?" ಎಂದು ಕೇಳಿದ್ದಾರೆ.

ಎರಡನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಇಲ್ಲ, ಯಾವ ಆಧಾರವೂ ಇಲ್ಲ.

ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಮದೀನಾದಲ್ಲಿ ಸೂರ್ಯಗ್ರಹಣವಾಯಿತು. ಖಗೋಳಶಾಸ್ತ್ರಜ್ಞರ ಲೆಕ್ಕದಂತೆ ಅದು ಕ್ರಿ.ಶ. 632ರ ಜನವರಿ 27. ಪ್ರವಾದಿಯ ಮಗನ ಸಾವಿಗೆ ಸೂರ್ಯನೇ ಶೋಕಿಸಿದ ಎಂದು ಜನ ಆಡಿಕೊಂಡರು. ಮಗನನ್ನು ಮಣ್ಣು ಮಾಡಿದ ದುಃಖದಲ್ಲಿರುವ ತಂದೆಗೆ ಎಷ್ಟು ಸಮಾಧಾನದ ಮಾತು ಅದು! ಆದರೆ ಪ್ರವಾದಿ(ಸ)ರು ಅದನ್ನು ಒಪ್ಪಲಿಲ್ಲ. ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟಿಗಾಗಲಿ ಸಾವಿಗಾಗಲಿ ಗ್ರಹಣ ಹಿಡಿಯುವುದಿಲ್ಲ, ಅದನ್ನು ಕಂಡಾಗ ನಮಾಝ್ ಮಾಡಿ, ಪ್ರಾರ್ಥಿಸಿ ಎಂದು ತಿಳಿಸಿದರು. ಹುಟ್ಟಿಗೂ ಸಂಬಂಧವಿಲ್ಲ ಎಂದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಎಲ್ಲಿಯ ಸಂಬಂಧ?

ಆ ದಿನದ ನಮಾಝ್‌ನಲ್ಲಿ ಮಹಿಳೆಯರೂ ಇದ್ದರು. ಹ. ಅಸ್ಮಾ(ರ)ರು ಬಂದಾಗ ತಂಗಿ ಹ. ಆಯಿಶಾ(ರ)ರು ನಮಾಝ್‌ನಲ್ಲಿ ನಿಂತಿದ್ದರು. ಏನಾಯಿತು ಎಂದು ಕೇಳಿದರೆ ಕೈಯಿಂದ ಆಕಾಶದ ಕಡೆ ತೋರಿಸಿದರಂತೆ. ಅಸ್ಮಾ(ರ)ರೂ ಸೇರಿಕೊಂಡರು. ನಮಾಝ್ ಬಹಳ ದೀರ್ಘವಾಗಿ ತಲೆ ಸುತ್ತಿದಾಗ ತಲೆಗೆ ನೀರು ಹಾಕಿಕೊಂಡರು ಎಂದು ಹದೀಸ್‌ನಲ್ಲಿದೆ. ಕತ್ತಲೆ ಕೋಣೆಯಲ್ಲಿ ಅಡಗಿ ಕುಳಿತವರ ಕಥೆಯಲ್ಲ ಇದು. ಗರ್ಭಿಣಿ ಹಸಿವಾದರೆ ಊಟ ಮಾಡಲಿ, ಬಾಯಾರಿದರೆ ನೀರು ಕುಡಿಯಲಿ, ತರಕಾರಿ ಹೆಚ್ಚುವುದಿದ್ದರೆ ಹೆಚ್ಚಲಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ 2019ರ ಗ್ರಹಣದ ದಿನ ಕಲಬುರಗಿ ಬಳಿಯ ತಾಜ್ ಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕಾಯಿಲೆ ವಾಸಿಯಾಗಲೆಂದು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಪತ್ರಿಕೆಗಳಲ್ಲಿ ಫೋಟೋ ಬಂತು. ಅಷ್ಟರಲ್ಲೇ ಕೊಡಗಿನ ಕುಟ್ಟ, ಕಾಸರಗೋಡಿನ ಚೆರುವತ್ತೂರಿನಲ್ಲಿ ಜನ ಸೇರಿ ಬಂಗಾರದ ಬಳೆಯಂತೆ ಕಂಡ ಸೂರ್ಯನನ್ನು ನೋಡುತ್ತಿದ್ದರು. ಒಂದೇ ಬೆಳಗು, ಬೇರೆ ಬೇರೆ ಊರುಗಳು!

ಈಗ ಫೋಟೋದ ಮಾತು. ಗ್ರಹಣದ ಚಿತ್ರ ತೆಗೆಯುವುದು ಕನ್ನಡ ನಾಡಿಗೆ ಹೊಸದೇನಲ್ಲ. 1980ರ ಫೆಬ್ರವರಿ 16ರಂದು ಪೂರ್ಣ ಗ್ರಹಣದ ನೆರಳು ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋದಾಗ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರದಲ್ಲಿ ದೂರದರ್ಶಕ ಹೂಡಿ ಕಾದಿದ್ದರು. ಸಿಕ್ಕಿದ್ದು ಮೂರು ನಿಮಿಷಕ್ಕಿಂತ ಕಡಿಮೆ. ಆ ಸಂಸ್ಥೆ ಇರುವುದು ಕೋರಮಂಗಲದಲ್ಲಿ, ನಮ್ಮ ಬೇಗೂರಿನ ಸಹೋದರಿಯ ಮನೆಗೆ ದೂರವೇನಲ್ಲ.

ಮಗನನ್ನು ಬಿಡಿ, ಆದರೆ ಸೂರ್ಯನ ಕಡೆ ಬೆನ್ನು ಮಾಡಿ ನಿಲ್ಲಲು ಹೇಳಿ. ನಿಜ ಹೇಳಬೇಕೆಂದರೆ ಮೊಬೈಲಿನಲ್ಲಿ ನೇರವಾಗಿ ತೆಗೆದ ಸೂರ್ಯ ಅವರೆಕಾಳಿನಷ್ಟೂ ಇರುವುದಿಲ್ಲ, ಬರೀ ಬಿಳಿ ಮಚ್ಚೆ. ಅದಕ್ಕಿಂತ ಚೆಂದದ ಚಿತ್ರ ನೆರಳಿನಲ್ಲಿದೆ. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಥಮ್ ಸಾವಿರ ವರ್ಷಗಳ ಹಿಂದೆಯೇ ಗ್ರಹಣದ ಆಕಾರದ ಬಗ್ಗೆ ಒಂದು ಪ್ರಬಂಧ ಬರೆದರು. ಸಣ್ಣ ತೂತಿನ ಮೂಲಕ ಬಂದ ಬೆಳಕು ಎದುರಿನ ಗೋಡೆಯ ಮೇಲೆ ಗ್ರಹಣ ಹಿಡಿದ ಸೂರ್ಯನನ್ನೇ, ತಲೆಕೆಳಗಾದ ಹಿಲಾಲ್‌ನಂತೆ, ಮೂಡಿಸುವುದೇಕೆ ಎಂದು ಅದರಲ್ಲಿ ವಿವರಿಸಿದರು. ನಿಮ್ಮ ಅಡುಗೆಮನೆಯ ಜರಡಿ ಅದನ್ನೇ ಮಾಡುತ್ತದೆ. ಹೊಂಗೆ ಮರದ ಎಲೆಗಳ ಸಂದಿಯೂ ಅದನ್ನೇ ಮಾಡುತ್ತದೆ. ರಟ್ಟಿನ ಮೇಲೆ ಮಗುವಿನ ಹೆಸರನ್ನು ಚುಕ್ಕೆ ಚುಕ್ಕೆಯಾಗಿ ಸೂಜಿಯಿಂದ ಚುಚ್ಚಿ ಬಿಸಿಲಿಗೆ ಹಿಡಿಯಿರಿ, ಬಿಳಿ ದುಪಟ್ಟಾದ ಮೇಲೆ ಹೆಸರು ಪುಟ್ಟ ಪುಟ್ಟ ಸೂರ್ಯಗಳಲ್ಲಿ ಬರೆದುಕೊಳ್ಳುತ್ತದೆ. ತೂತಿನಿಂದ ಬಟ್ಟೆಗೆ ಒಂದು ಮೀಟರ್ ಅಂತರವಿದ್ದರೆ ಒಂದೊಂದು ಬಿಂಬ ಸುಮಾರು 9 ಮಿ.ಮೀ. ಇದರ ಫೋಟೋವನ್ನು ಎಷ್ಟು ಬೇಕಾದರೂ ತೆಗೆಯಬಹುದು. ಕಣ್ಣಿಗೂ ಭಯವಿಲ್ಲ, ಮೊಬೈಲಿಗೂ ಭಯವಿಲ್ಲ.

ಮನೆಯ ಒಳಗಿರುವವರಿಗೆ ಇನ್ನೊಂದು ಉಪಾಯವಿದೆ. ಸಣ್ಣ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಮೆಣಸಿನ ಕಾಳಿನಷ್ಟು ತೂತು ಬಿಡಿ. ಅದನ್ನು ಹೊರಗೆ ಬಿಸಿಲಿನಲ್ಲಿಟ್ಟು ಬೆಳಕನ್ನು ಕಿಟಕಿಯ ಮೂಲಕ ಕತ್ತಲೆ ಕೋಣೆಯ ಗೋಡೆಗೆ ಬೀಳಿಸಿ. ಕನ್ನಡಿಯಿಂದ ಗೋಡೆಗೆ ಹತ್ತು ಮೀಟರ್ ಇದ್ದರೆ ಅಂಗೈಯಗಲದ ಸೂರ್ಯ ಕಾಣುತ್ತಾನೆ. ಅಜ್ಜಿ, ಗರ್ಭಿಣಿ, ಮಕ್ಕಳು ಎಲ್ಲರೂ ಕುಳಿತೇ ನೋಡಲಿ. ಕನ್ನಡಿಯೊಳಗೆ ಮಾತ್ರ ಯಾರೂ ಇಣುಕಬಾರದು.

ನೇರವಾಗಿ ನೋಡುವುದೇಕೆ ಬೇಡ? ಕಣ್ಣಿನ ರೆಟಿನಾಕ್ಕೆ ನೋವಿನ ಅರಿವಿಲ್ಲ. ಸುಡುವಾಗ ಮಗು ಅಳುವುದಿಲ್ಲ. ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ನೋಟದ ನಡುವೆಯೇ ಮಬ್ಬು ಮಚ್ಚೆ ಕಾಣಿಸುತ್ತದೆ. ಕೆಲವರಿಗೆ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ಉಳಿದೇಬಿಡುತ್ತದೆ. ಎಕ್ಸ್‌ರೇ ಫಿಲ್ಮ್, ಮಸಿ ಹಿಡಿದ ಗಾಜು, ಸಿ.ಡಿ., ಕೂಲಿಂಗ್ ಗ್ಲಾಸ್ ಯಾವುದೂ ಸಾಲದು. ಬೋಗುಣಿಯ ನೀರಿನಲ್ಲಿ ಬಿಂಬ ನೋಡುವ ರೂಢಿಯೂ ಅಪಾಯವೇ. ಸೂರ್ಯ ನೆತ್ತಿಯ ಮೇಲಿರುವಾಗ ನೀರು ನೂರರಲ್ಲಿ ಎರಡು ಪಾಲು ಬೆಳಕನ್ನು ತಿರುಗಿಸಿ ಕಳುಹಿಸುತ್ತದೆ, ಕಣ್ಣಿಗೆ ತಡೆಯುವುದು ಲಕ್ಷದಲ್ಲಿ ಒಂದು ಪಾಲಿನಷ್ಟೇ. ಬೊಮ್ಮಸಂದ್ರ, ಪೀಣ್ಯದ ವರ್ಕ್‌ಶಾಪಿಗೆ ಹೋಗುವ ಯಜಮಾನರು ವೆಲ್ಡಿಂಗ್ ಗ್ಲಾಸ್ ತರುತ್ತೇನೆ ಎಂದರೆ ಅದರ ನಂಬರ್ ಕೇಳಿ. ದಿನದ ಕೆಲಸಕ್ಕೆ ಬಳಸುವ 10, 11 ನಂಬರ್ ಬೇಡ, 14 ಇರಬೇಕು. ಐ.ಎಸ್.ಒ. 12312-2 ಎಂದು ನಮೂದಿಸಿದ ಗ್ರಹಣದ ಕನ್ನಡಕವಾದರೆ ನಂಬಿಕೆಯ ಅಂಗಡಿಯಿಂದಲೇ ಕೊಳ್ಳಿ. ಗೀರು ಬಿದ್ದಿದ್ದರೆ ಕಸಕ್ಕೆ ಹಾಕಿ. ಆ ಕನ್ನಡಕ ಹಾಕಿಕೊಂಡು ಬೈನಾಕ್ಯುಲರಿನಲ್ಲಿ ನೋಡುವುದಂತೂ ಎಂದಿಗೂ ಬೇಡ.

2027ರಲ್ಲಿ ನಮ್ಮಲ್ಲಿ ಕಾಣುವುದು ಸಂಜೆಯ ಹೊತ್ತು, ಒಂದಂಚು ಕಚ್ಚಿದ ರೊಟ್ಟಿಯಷ್ಟು, ಅದೂ ಮಳೆಗಾಲದ ಮೋಡ ಬಿಟ್ಟರೆ. ತೆಳು ಮೋಡದ ಹಿಂದಿನ ಸೂರ್ಯ ತಂಪಾಗಿ ಕಂಡರೂ ಬರಿಗಣ್ಣಿನಿಂದ ನೋಡಬಾರದು. ಜಿದ್ದಾದ ತಮ್ಮನ ಭಾಗ್ಯವೇ ಬೇರೆ. ಅಲ್ಲಿ ಮಧ್ಯಾಹ್ನ ಸುಮಾರು ಆರು ನಿಮಿಷ, ಮಕ್ಕಾದಲ್ಲಿ ಐದು ನಿಮಿಷಕ್ಕೂ ಹೆಚ್ಚು ಕಾಲ ಸೂರ್ಯ ಪೂರ್ತಿ ಮರೆಯಾಗುತ್ತಾನೆ. ಆ ನಿಮಿಷಗಳಲ್ಲಿ ಮಾತ್ರ ಬರಿಗಣ್ಣು ಸಲ್ಲುತ್ತದೆ, ಅಂಚಿನಲ್ಲಿ ಬೆಳಕಿನ ಮೊದಲ ಕಿಡಿ ಕಂಡೊಡನೆ ಕನ್ನಡಕ ಏರಿಸಬೇಕು ಎಂದು ಅವನಿಗೆ ಫೋನ್ ಮಾಡಿ ಹೇಳಿಬಿಡಿ. ಮಗ ಅಷ್ಟು ದಿನ ಕಾಯಬೇಕಾಗಿಲ್ಲ. ಬರುವ ಭಾನುವಾರವೇ ಕನ್ನಡಿಗೆ ಕಾಗದ ಅಂಟಿಸಿ ಅಭ್ಯಾಸ ಮಾಡಲಿ. ಗ್ರಹಣವಿಲ್ಲದ ದಿನ ಗೋಡೆಯ ಮೇಲೆ ದುಂಡನೆಯ ಸೂರ್ಯ ಬರುತ್ತಾನೆ, ಬಿಂಬ ಸರಿಯಾಗಿದೆಯೋ ಇಲ್ಲವೋ ಅದರಿಂದಲೇ ಗೊತ್ತಾಗುತ್ತದೆ.