ಮೆಕಾ ಮಾತು, ಭಾಗ 3: ಸ್ಟ್ರಾಂಗ್ ಆದ್ರೆ ಸಾಕಾ?

‘ಯಾವ ರೋಬೋಟ್ ಎಲ್ಲಕ್ಕಿಂತ ಸ್ಟ್ರಾಂಗ್’ ಅಂತ ಕಾಮೆಂಟಲ್ಲಿ ಕಿತ್ತಾಡ್ತಿದ್ದೀರಲ್ಲ, ಆ ಪ್ರಶ್ನೆನೇ ತಪ್ಪು. ದೈತ್ಯ ರೋಬೋಟನ್ನು ನಾವು ನಂಬೋದು ಅದರ ಶಕ್ತಿ ನೋಡಿ ಅಲ್ಲ, ಅದರ ಮಿತಿ ನೋಡಿ.

1995ರ ‘ಇವಾಂಗೆಲಿಯನ್’ ತಗೊಳ್ಳಿ. (ಇವಾ ಪೂರ್ತಿ ರೋಬೋಟ್ ಅಲ್ಲ ಅಂತೀರಾ, ಗೊತ್ತು ಬಿಡಿ.) ಬೆನ್ನಿಗೆ ಕರೆಂಟ್ ಕೇಬಲ್ ಇರುತ್ತೆ. ಅದು ಕಿತ್ತುಹೋದ್ರೆ ಬ್ಯಾಟರಿ ಬರೋದು ಐದೇ ನಿಮಿಷ. ಟೈಮರ್ ಇಳಿಯೋಕೆ ಶುರುವಾದಾಗ ನಿಮ್ಮ ಎದೆ ಹೊಡ್ಕೊಳ್ಳಲ್ವಾ?

1979ರ ‘ಮೊಬೈಲ್ ಸೂಟ್ ಗಂಡಮ್’. 18 ಮೀಟರ್ ಎತ್ತರದ ಯಂತ್ರದೊಳಗೆ ಕೂತ ಅಮುರೋ ಮೊದಲು ಮಾಡೋದೇನು? ಮ್ಯಾನ್ಯುಯಲ್ ತೆಗೆದು ಓದೋದು! ಹೀರೋಗೇ ಸರಿಯಾಗಿ ಓಡಿಸೋಕೆ ಬರಲ್ಲ. ಅದಕ್ಕೇ ಆ ಯಂತ್ರ ನಿಜ ಅನ್ಸುತ್ತೆ.

‘ಪ್ಯಾಟ್‌ಲೇಬರ್’ನ ಪೊಲೀಸ್ ರೋಬೋಟ್ ಬರೀ 8 ಮೀಟರ್. ಡ್ಯೂಟಿಗೆ ಅದನ್ನ ದೊಡ್ಡ ಟ್ರಕ್ ಮೇಲೆ ಮಲಗಿಸಿಕೊಂಡು ಹೋಗ್ತಾರೆ. ಅದನ್ನ ಓಡಿಸೋ ನೋವಾ, ತಾನು ಸಾಕಿದ್ದ ನಾಯಿಯ ಹೆಸರನ್ನೇ ಅದಕ್ಕೆ ಇಟ್ಟಿದ್ದಾಳೆ: ಆಲ್ಫೋನ್ಸ್. ಒಂದು ಗೀರು ಬಿದ್ರೂ ಅವಳಿಗೆ ಸಂಕಟ. ಅವಳ ಪ್ರೀತಿ ನೋಡಿನೇ ನಮಗೂ ಅದರ ಮೇಲೆ ಪ್ರೀತಿ.

ಆಯುಧಪೂಜೆ ದಿನ ಹಳೇ ಸ್ಕೂಟರ್ ತೊಳೆದು ಹಾರ ಹಾಕೋ ನಮಗೆ ಇದನ್ನ ಬಿಡಿಸಿ ಹೇಳ್ಬೇಕಾ?

ಆದ್ರೆ ರೀಲ್ಸಲ್ಲಿ ಕೇಬಲ್, ಮ್ಯಾನ್ಯುಯಲ್, ಗ್ಯಾರೇಜ್ ಎಲ್ಲಾ ಕತ್ತರಿಸಿ ಫೈಟ್ ಒಂದನ್ನೇ ಉಳಿಸ್ತಾರೆ. ಅಷ್ಟೇ ನೋಡಿ ನೀವು ‘ಮೆಕಾ ಎಲ್ಲಾ ಒಂದೇ ಥರ’ ಅಂತ ತೀರ್ಪು ಕೊಡ್ತೀರಿ. ಯಾರೂ ಒರೆಸದ, ಯಾರೂ ರಿಪೇರಿ ಮಾಡದ ಯಂತ್ರ ಬರೀ ತಗಡು ಕಣ್ರೋ.

ಈ ವಾರ ಒಂದೇ ಒಂದು ಎಪಿಸೋಡನ್ನ ಸ್ಕಿಪ್ ಮಾಡ್ದೆ ನೋಡಿ. ಆಮೇಲೆ ಜಗಳಕ್ಕೆ ಬನ್ನಿ, ಇಲ್ಲೇ ಇರ್ತೀನಿ.

#ಮೆಕಾಮಾತು #ಕನ್ನಡದಲ್ಲಿಅನಿಮೆ