ಓಣಿಗೆ ತಕ್ಕ ಕಾರು

ಜಮಖಂಡಿ ಪಟವರ್ಧನರ, ಮುಧೋಳ ಘೋರ್ಪಡೆಯವರ ಸಂಸ್ಥಾನವಾಗಿದ್ದ ಊರು. ರಬಕವಿ-ಬನಹಟ್ಟಿ ನೇಕಾರರ ಊರು. ಈ ಊರುಗಳ ಮತ್ತು ಬೀಳಗಿಯ ಹಳೆಯ ಓಣಿಗಳು ರೂಪುಗೊಂಡದ್ದು ಕಾಲುನಡಿಗೆ ಮತ್ತು ಎತ್ತಿನ ಬಂಡಿಯ ಕಾಲದಲ್ಲಿ. ಈಗ ಅವುಗಳಲ್ಲಿ ನೂಲಿನ ಗಂಟು ಹೊತ್ತ ಗೂಡ್ಸ್ ಆಟೊ, ಶಾಲಾ ವ್ಯಾನು, ಬೈಕು, ಕಾರು ಎಲ್ಲವೂ ಓಡಾಡಬೇಕು. ಕಬ್ಬು ನುರಿಸುವ ಹಂಗಾಮು ಶುರುವಾದರೆ ಮುಖ್ಯರಸ್ತೆಗಳಿಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳೂ ಬಂದು ಸೇರುತ್ತವೆ. ಇಂಥ ಊರಿಗೆ ಎಷ್ಟು ದೊಡ್ಡ ಕಾರು ಹೊಂದುತ್ತದೆ ಎಂಬುದನ್ನು ಅಳತೆಪಟ್ಟಿ ಹಿಡಿದೇ ನೋಡಬೇಕು.

ಮೊದಲು ಅಗಲ. ಮೂರು ಮೀಟರ್ ಅಗಲದ ಒಂದು ಓಣಿಯನ್ನು ಊಹಿಸಿಕೊಳ್ಳಿ. ಇನ್ನೋವಾ ಕ್ರಿಸ್ಟಾದಂಥ ದೊಡ್ಡ ಕಾರಿನ ಅಗಲ ಸುಮಾರು 1.83 ಮೀಟರ್. ಅದನ್ನು ಗೋಡೆಗೆ ಅಂಟಿಸಿ ನಿಲ್ಲಿಸಿದರೂ ಉಳಿಯುವ ಜಾಗ 1.17 ಮೀಟರ್ ಮಾತ್ರ. ಆಟೊರಿಕ್ಷಾದ ಅಗಲವೇ ಸುಮಾರು 1.3 ಮೀಟರ್ ಇರುವುದರಿಂದ ಓಣಿ ಅಲ್ಲಿಗೆ ಬಂದ್ ಆದಂತೆ. ಅದೇ ಜಾಗದಲ್ಲಿ ಸುಮಾರು 1.5 ಮೀಟರ್ ಅಗಲದ ಟಾಟಾ ನ್ಯಾನೊ ಅಥವಾ ಎಂಜಿ ಕಾಮೆಟ್ ನಿಂತಿದ್ದರೆ ಆಟೊ ನಿಧಾನವಾಗಿ ದಾಟಿಹೋಗುತ್ತದೆ. ಸುಮಾರು ಮೂವತ್ತಮೂರು ಸೆಂಟಿಮೀಟರಿನ ವ್ಯತ್ಯಾಸ ಇಡೀ ಓಣಿಯ ಸಂಚಾರವನ್ನು ನಿರ್ಧರಿಸುತ್ತದೆ.

ಎರಡನೆಯದು ತಿರುವು. ಸ್ಟೀರಿಂಗನ್ನು ಪೂರ್ತಿ ತಿರುಗಿಸಿದಾಗ ಕಾರು ಸುತ್ತುವ ವೃತ್ತದ ಅರ್ಧ ಅಗಲವನ್ನು ತಿರುಗುವ ತ್ರಿಜ್ಯ ಎನ್ನುತ್ತಾರೆ. ನ್ಯಾನೊಗೆ ಇದು 4 ಮೀಟರ್, ಇನ್ನೋವಾಕ್ಕೆ ಸುಮಾರು 5.4 ಮೀಟರ್. ಅಂದರೆ ಒಂದೇ ಸುತ್ತಿಗೆ ಹಿಂದಿರುಗಲು ಮೊದಲನೆಯದಕ್ಕೆ ಎಂಟು ಮೀಟರ್ ಜಾಗ ಸಾಕು, ಎರಡನೆಯದಕ್ಕೆ ಹನ್ನೊಂದರ ಹತ್ತಿರ ಬೇಕು. ಅಷ್ಟು ಜಾಗ ಇಲ್ಲದಲ್ಲಿ ಚಾಲಕ ಹಿಂದೆ ಮುಂದೆ ಮಾಡುತ್ತಾನೆ. ಆ ಅರ್ಧ ನಿಮಿಷದಲ್ಲಿ ಎರಡೂ ಕಡೆ ಬೈಕುಗಳು ತುಂಬಿಕೊಳ್ಳುತ್ತವೆ.

ಮೂರನೆಯದು ಉದ್ದ. ಅಂಗಡಿ ಸಾಲಿನ ಮುಂದೆ ಮೂವತ್ತು ಮೀಟರ್ ಜಾಗವಿದ್ದು, ಪ್ರತಿ ಕಾರಿಗೂ ಒಂದು ಮೀಟರ್ ಅಂತರ ಬಿಟ್ಟರೆ, 4.7 ಮೀಟರ್ ಉದ್ದದ ಕಾರುಗಳು ಐದು ಹಿಡಿಸುತ್ತವೆ. ಮೂರು ಮೀಟರಿನವು ಏಳು ಹಿಡಿಸುತ್ತವೆ.

ಕಾರನ್ನು ಇಷ್ಟು ಚಿಕ್ಕದಾಗಿ ಮಾಡುವುದು ಹೇಗೆ? ಮುಖ್ಯ ಉಪಾಯ ಎಂಜಿನ್ ಇಡುವ ಜಾಗದಲ್ಲಿದೆ. 1983ರಲ್ಲಿ ಬಂದ ಮಾರುತಿ 800ರಲ್ಲಿ ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ, ಮುಂದಿನ ಚಕ್ರಗಳಿಗೇ ಶಕ್ತಿ ಕೊಟ್ಟರು. ಮೂತಿ ಗಿಡ್ಡವಾಯಿತು, ಹಿಂಬದಿಗೆ ಶಕ್ತಿ ಸಾಗಿಸುವ ಉದ್ದನೆಯ ದಂಡವೂ ಬೇಡವಾಯಿತು. 2009ರಲ್ಲಿ ಮಾರಾಟಕ್ಕೆ ಬಂದ ನ್ಯಾನೊದಲ್ಲಿ ಎಂಜಿನ್ ಹಿಂದಕ್ಕೆ ಹೋಯಿತು. ಕರ್ನಾಟಕದ ಕೊಡುಗೆ ಇನ್ನೂ ದಿಟ್ಟವಾದದ್ದು. 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ತಂಡ ಹೊರತಂದ ರೇವಾ ವಿದ್ಯುತ್ ಕಾರು ಸುಮಾರು 2.6 ಮೀಟರ್ ಉದ್ದ, 1.3 ಮೀಟರ್ ಅಗಲವಿತ್ತು. ಅಂದರೆ ಹೆಚ್ಚುಕಡಿಮೆ ಒಂದು ಆಟೊರಿಕ್ಷಾ ನಿಲ್ಲುವ ಜಾಗದಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳಿಗೆ ಆಸನ. ಅದು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲೂ ಓಡಿತು.

ಆದರೆ ಈ ಕಿರಿತನಕ್ಕೆ ತೆರಬೇಕಾದ ಬೆಲೆಯೂ ಇದೆ. 600 ಕಿಲೋ ತೂಕದ ಕಾರು, 1800 ಕಿಲೋ ತೂಕದ ಕಾರು ಎರಡೂ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಡಿಕ್ಕಿಯಾಗಿ ಒಂದಕ್ಕೊಂದು ಸಿಕ್ಕಿಕೊಂಡವು ಎನ್ನೋಣ. ಲೆಕ್ಕದ ಪ್ರಕಾರ ಎರಡೂ ದೊಡ್ಡ ಕಾರು ಸಾಗುತ್ತಿದ್ದ ದಿಕ್ಕಿಗೇ 20ರ ವೇಗದಲ್ಲಿ ಸರಿಯುತ್ತವೆ. ದೊಡ್ಡ ಕಾರಿನೊಳಗಿದ್ದವರ ವೇಗ 20ರಷ್ಟು ಬದಲಾದರೆ, ಚಿಕ್ಕದರೊಳಗಿದ್ದವರದು ಕ್ಷಣಮಾತ್ರದಲ್ಲಿ 60ರಷ್ಟು ಬದಲಾಗುತ್ತದೆ. ಜೊತೆಗೆ, ಮುಂಭಾಗ ನಜ್ಜುಗುಜ್ಜಾಗುತ್ತಾ ಹೊಡೆತವನ್ನು ಹೀರುವುದಕ್ಕೆ ಗಿಡ್ಡ ಕಾರಿನಲ್ಲಿ ಜಾಗವೂ ಕಡಿಮೆ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಡಿಕ್ಕಿ ಪರೀಕ್ಷೆಯಲ್ಲಿ ನ್ಯಾನೊ ಒಂದೂ ನಕ್ಷತ್ರ ಗಳಿಸಲಿಲ್ಲ. ಚಿಕ್ಕ ಕಾರು ಕಡಿಮೆ ವೇಗದ ಪೇಟೆಗೆ ಹೇಳಿ ಮಾಡಿಸಿದ್ದು. ಮುಧೋಳದಿಂದ ಜಮಖಂಡಿಗೆ ರಾತ್ರಿ ಹೊರಟು, ಹಿಂದೀಪವಿಲ್ಲದ ಕಬ್ಬಿನ ಟ್ರೇಲರ್ ಎದುರಾಗುವ ದಾರಿಯಲ್ಲಿ ಅದೇ ಕಾರನ್ನು ಪೇಟೆಯ ವೇಗಕ್ಕೆ ಹತ್ತಿರವಾಗಿಯೇ ಓಡಿಸಬೇಕು, ಹಿಂದೆ ಕೂತವರೂ ಸೀಟ್ ಬೆಲ್ಟ್ ಹಾಕಬೇಕು.

ಪೇಟೆಯೊಳಗೂ ಒಂದು ಎಚ್ಚರಿಕೆ ಅಗತ್ಯ. ಚಿಕ್ಕ ಕಾರು ಸಂದಿಯಲ್ಲಿ ನುಸುಳಬಲ್ಲದು ಎಂಬ ಕಾರಣಕ್ಕೇ ನುಸುಳುವ ಆಸೆ ಹುಟ್ಟುತ್ತದೆ. ಆದರೆ ದೊಡ್ಡ ಗಾಡಿಯ ಕನ್ನಡಿಯಲ್ಲಿ ಕಾಣದ ಮೂಲೆಯಲ್ಲಿ ಅದು ಸುಲಭವಾಗಿ ಮರೆಯಾಗುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ತಿರುಗುವಾಗ ಹಿಂದಿನ ಟ್ರೇಲರ್ ಒಳಮಗ್ಗುಲಿಗೆ ಸರಿದು ಬರುತ್ತದೆ. ಆ ಮಗ್ಗುಲಲ್ಲಿ ಕಾರು ತೂರಿಸುವುದು ಜೀವದೊಂದಿಗೆ ಆಟ. ಚಿಕ್ಕ ಕಾರು ಉಳಿಸಿಕೊಡುವ ಜಾಗ ಸುರಕ್ಷಿತ ಅಂತರವಾಗಿ ಉಳಿಯಬೇಕು.

ಜಪಾನಿನ ಅನುಭವ ಇಲ್ಲಿ ಉಪಯುಕ್ತ. ಅಲ್ಲಿ 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ಮೀರದ ಕಾರುಗಳಿಗೆ ಕೇ ಎಂಬ ಪ್ರತ್ಯೇಕ ವರ್ಗವಿದೆ. ಅವುಗಳಿಗೆ ತೆರಿಗೆ ಕಡಿಮೆ. ಸಾಮಾನ್ಯ ಕಾರು ಕೊಳ್ಳುವವರು ಅದನ್ನು ನಿಲ್ಲಿಸಲು ಜಾಗವಿದೆ ಎಂದು ಮೊದಲೇ ತೋರಿಸಬೇಕು. ಕೇ ಕಾರಿಗೆ ಎಷ್ಟೋ ಊರುಗಳಲ್ಲಿ ಈ ನಿಯಮ ಸಡಿಲ. ನಮ್ಮಲ್ಲೂ ನಾಲ್ಕು ಮೀಟರಿನೊಳಗಿನ ಕಾರಿಗೆ ತೆರಿಗೆಯ ರಿಯಾಯಿತಿ ಇದೆ. ಆದರೆ ಆ ನಿಯಮ ಉದ್ದವನ್ನು ಅಳೆಯುತ್ತದೆಯೇ ಹೊರತು ಅಗಲವನ್ನಲ್ಲ. ನಮ್ಮ ಓಣಿಗಳಿಗೆ ತೊಡಕಾಗುವುದೋ ಅಗಲವೇ.

ಚಿಕ್ಕ ಕಾರೊಂದೇ ದಟ್ಟಣೆಯನ್ನು ನೀಗಿಸದು. ಮನೆಗೊಂದರಂತೆ ಬಂದರೆ ಅವೂ ಓಣಿಯನ್ನು ತುಂಬುತ್ತವೆ. ಬಸ್ಸು, ಸುರಕ್ಷಿತ ಪಾದಚಾರಿ ದಾರಿ ಇವೆರಡೂ ಬೇಕು. ಆದರೂ ಕಾರು ಕೊಳ್ಳಲೇಬೇಕಾದ ಕುಟುಂಬಕ್ಕೆ, ಈ ಊರುಗಳ ಮಟ್ಟಿಗೆ, ಚಿಕ್ಕದೇ ಸರಿಯಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ನಗರಸಭೆ, ಪಟ್ಟಣ ಪಂಚಾಯಿತಿಗಳು ಪೇಟೆಯಲ್ಲಿ ಚಿಕ್ಕ ಕಾರಿಗೆಂದೇ ಗೆರೆ ಎಳೆದ ಜಾಗ ಕೊಟ್ಟರೆ ಆ ಆಯ್ಕೆಗೆ ಬಲ ಬರುತ್ತದೆ. ಕೊಳ್ಳುವವರೂ ಮುಂಗಡ ಕಟ್ಟುವ ಮೊದಲು ತಮ್ಮ ಓಣಿಯ ಅತಿ ಕಿರಿದಾದ ಜಾಗವನ್ನು ಒಮ್ಮೆ ಅಳೆಯಲಿ. ಕಾರು ನಿಂತ ಮೇಲೂ ಪಕ್ಕದಲ್ಲಿ ಒಂದು ಆಂಬುಲೆನ್ಸ್ ಸಾಗಬಲ್ಲದೇ ಎಂದು ನೋಡಲಿ. ಸಾಗದು ಎಂದಾದರೆ, ಎಷ್ಟೇ ಚಿಕ್ಕ ಕಾರಾದರೂ ಅದನ್ನು ನಿಲ್ಲಿಸಲು ಓಣಿಯ ಹೊರಗೆ ಜಾಗ ಹುಡುಕುವುದು ನೆರೆಹೊರೆಯವರಿಗೆ ನಾವು ಸಲ್ಲಿಸಬೇಕಾದ ಕರ್ತವ್ಯ.