ಇಂಜೆಕ್ಷನ್ ಕೆಲಸ ಮಾಡುತ್ತದೆ, ಅದೇ ತೊಂದರೆ

ಜಿಮ್ಮಿನ ಹುಡುಗರು ಟೆಸ್ಟೊಸ್ಟೆರಾನ್ ಚುಚ್ಚಿಸಿಕೊಳ್ಳುತ್ತಾರೆ ಎಂಬ ಮಾತು ಬಂದಾಗಲೆಲ್ಲ ನಮ್ಮ ಸಾಹಿತ್ಯವಲಯದ ಗೆಳೆಯರಿಗೆ ಗರಡಿಮನೆ ನೆನಪಾಗುತ್ತದೆ. ಕೆಮ್ಮಣ್ಣು, ಹನುಮಪ್ಪನ ಪಟ, ಬಾದಾಮಿ ಹಾಲು. ಅಂದಿನ ಮೈಯೇ ಮೈ, ಈಗಿನದು ಗಾಳಿ ತುಂಬಿದ ಬಲೂನು ಎನ್ನುತ್ತಾರೆ. ಜಗಳೂರು ತಾಲ್ಲೂಕಿನ ಸೊಕ್ಕೆಯವನಾದ ನನಗೆ (ಊರ ಹೆಸರಲ್ಲೇ ಸೊಕ್ಕಿದೆ ಎಂದು ಹಾಸ್ಟೆಲಿನಲ್ಲಿ ಛೇಡಿಸುತ್ತಿದ್ದರು) ಇದನ್ನು ಕೇಳಿದರೆ ಸಿಟ್ಟು ಬರುತ್ತದೆ. ಪೈಲ್ವಾನರನ್ನು ಸಾಕಲು ಮೈಸೂರಿನ ಅರಮನೆಯಿತ್ತು, ಊರ ಗೌಡರಿದ್ದರು. ಮಳೆ ನೆಚ್ಚಿ ಮೆಕ್ಕೆಜೋಳ ಬಿತ್ತುವ ಮನೆಯಿಂದ ದಾವಣಗೆರೆಗೆ ಓದಲು ಹೋದವನಿಗೆ ಬಾದಾಮಿ ಹಾಲು ಕೊಡುವವರು ಯಾರು? ಅವನಿಗಿರುವುದು ತಿಂಗಳ ಫೀಸಿನ ಜಿಮ್ಮು, ಹೆಗಲ ಮೇಲೆ ಕೈಹಾಕಿ 'ಬ್ರೋ' ಎನ್ನುವ ಟ್ರೈನರ್.

ಇದಕ್ಕಿಂತ ಕೆಟ್ಟದ್ದು, ಇಂಜೆಕ್ಷನ್ನಿನಿಂದ ಬರುವುದು ಬರೀ ನೀರು, ಬಲವಲ್ಲ ಎಂಬ ಉಪದೇಶ. ಅದು ಸುಳ್ಳು. 1996ರಲ್ಲಿ ಶಲೇಂದರ್ ಭಾಸಿನ್ ಮತ್ತು ಸಂಗಡಿಗರು 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ವಾರಕ್ಕೆ 600 ಮಿಲಿಗ್ರಾಂನಂತೆ 10 ವಾರ ಟೆಸ್ಟೊಸ್ಟೆರಾನ್ ಪಡೆದವರ ಸ್ನಾಯು ಕಸರತ್ತು ಮಾಡದಿದ್ದರೂ ಬೆಳೆಯಿತು. ಕಸರತ್ತನ್ನೂ ಮಾಡಿದವರ ಕೊಬ್ಬಿಲ್ಲದ ತೂಕ ಸರಾಸರಿ 6 ಕಿಲೋ ಏರಿತು, ಬಲವೂ ಏರಿತು. ನಮ್ಮ ಹುಡುಗ ಇದನ್ನು ಓದಿಲ್ಲ, ಪಕ್ಕದ ಬೆಂಚಿನಲ್ಲಿ ನೋಡಿದ್ದಾನೆ. ಕಣ್ಣೆದುರಿನದನ್ನೇ ಅಲ್ಲಗಳೆಯುವ ಮೇಷ್ಟ್ರ ಮಿಕ್ಕ ಎಚ್ಚರಿಕೆಯನ್ನು ಅವನೇಕೆ ನಂಬಬೇಕು?

ಅವನಿಗೆ ಹೇಳಬೇಕಾದದ್ದು ಬೇರೆಯೇ ಇದೆ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಎಷ್ಟಿದೆ ಎಂಬುದರ ಮೇಲೆ ವೃಷಣಗಳಿಗೆ ಅಪ್ಪಣೆ ಕಳಿಸುತ್ತದೆ. ಹೊರಗಿನಿಂದ ಧಾರಾಳವಾಗಿ ಬಂದರೆ ಅಪ್ಪಣೆ ನಿಲ್ಲುತ್ತದೆ. ವೃಷಣಗಳು ಕೆಲಸ ಬಿಟ್ಟು ಕುಗ್ಗುತ್ತವೆ, ವೀರ್ಯಾಣು ಇಳಿಯುತ್ತದೆ. ಎಷ್ಟರಮಟ್ಟಿಗೆ ಎಂದರೆ, ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೊಸ್ಟೆರಾನನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿತು. 1990ರ ಅದರ ವರದಿಯಂತೆ ಬಹುಪಾಲು ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಉಳಿಯಲಿಲ್ಲ. ಹೆಚ್ಚಾದ ಟೆಸ್ಟೊಸ್ಟೆರಾನಿನ ಒಂದು ಪಾಲನ್ನು ದೇಹ ಈಸ್ಟ್ರೋಜೆನ್ ಮಾಡಿಕೊಳ್ಳುತ್ತದೆ, ಕೆಲವರಿಗೆ ಮೊಲೆ ಮೂಡುತ್ತದೆ. ರಕ್ತ ಮಂದವಾಗುತ್ತದೆ, ವರ್ಷಗಟ್ಟಲೆ ಚುಚ್ಚಿಸಿಕೊಂಡವರ ಹೃದಯದ ಗೋಡೆ ದಪ್ಪವಾಗುತ್ತದೆ. ಬಿಟ್ಟ ಮೇಲೆ ಹೆಚ್ಚಿನವರಿಗೆ ವೀರ್ಯಾಣು ಮರಳುತ್ತದೆ, ನಿಜ. ಆದರೆ ಅದಕ್ಕೆ ತಿಂಗಳುಗಳು ಬೇಕು, ಕೆಲವರಿಗೆ ವರ್ಷವೇ ಆಗಬಹುದು. ನಡುವಿನ ಸುಸ್ತು, ಖಿನ್ನತೆ ತಾಳಲಾರದೆ ಮತ್ತೆ ಸೂಜಿ.

ಇಂಥದ್ದನ್ನು 'ಗಂಡಸುತನದ ಹಾರ್ಮೋನು' ಎಂದು ಬರೆದುಕೊಂಡು ಬಂದಿರುವ ಕನ್ನಡ ಪತ್ರಿಕೆಗಳ ಆರೋಗ್ಯ ಅಂಕಣಗಳಿಗೆ ನನ್ನದೊಂದು ತಕರಾರಿದೆ. ಹೆಂಗಸರ ಅಂಡಾಶಯವೂ ಅಡ್ರಿನಲ್ ಗ್ರಂಥಿಯೂ ಟೆಸ್ಟೊಸ್ಟೆರಾನ್ ತಯಾರಿಸುತ್ತವೆ, ಪ್ರಮಾಣ ಕಡಿಮೆ ಅಷ್ಟೆ. ಗಂಡಸಿನ ಮೂಳೆ ಗಟ್ಟಿಯಿರಲು ಈಸ್ಟ್ರೋಜೆನ್ ಬೇಕು. ಆ ಹೆಸರಿನಿಂದ ಮಾರುವವನಿಗೆ ಪುಕ್ಕಟೆ ಜಾಹೀರಾತು ಸಿಕ್ಕಿತು. ಅವನು ಮಾರುತ್ತಿರುವುದು ಎಣ್ಣೆಯಲ್ಲಿ ಕರಗಿಸಿದ ಔಷಧ, ಹುಡುಗ ಕೊಳ್ಳುತ್ತಿರುವುದು ಗಂಡಸುತನ.

ಸಿಕ್ಕಿಬೀಳುವವರಾದರೂ ಯಾರು? 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ ಅವರ ಮಾದರಿಯಲ್ಲಿ 2011ರಲ್ಲಿ ಸ್ಟೀರಾಯ್ಡ್ ಪತ್ತೆಯಾಯಿತು. ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಬಂದದ್ದು ಎಂದು ಓಟಗಾರ್ತಿಯರು ವಾದಿಸಿದರು. ಒಂದು ವರ್ಷದ ನಿಷೇಧವನ್ನು ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಎರಡಕ್ಕೆ ಏರಿಸಿತು. ಪದಕದ ಮಾನ ಕಾಯಲು ಇಷ್ಟೆಲ್ಲ ವ್ಯವಸ್ಥೆಯಿದೆ. ಪದಕವಿಲ್ಲದ ಜಿಮ್ಮಿನ ಹುಡುಗನ ಮೂತ್ರವನ್ನು ಯಾರೂ ಕೇಳುವುದಿಲ್ಲ. ಟೆಸ್ಟೊಸ್ಟೆರಾನ್ ವೈದ್ಯರ ಚೀಟಿಯಿಲ್ಲದೆ ಮಾರಬಾರದ 'ಷೆಡ್ಯೂಲ್ ಎಚ್' ಔಷಧ. ಹಾಗಿದ್ದರೆ ಜಿಮ್ಮಿನ ಬ್ಯಾಗಿಗೆ ಅದು ಬಂದದ್ದು ಯಾರ ಚೀಟಿಯ ಮೇಲೆ ಎಂದು ಡ್ರಗ್ ಇನ್‌ಸ್ಪೆಕ್ಟರ್ ಅಂಗಡಿಯವರನ್ನು ಕೇಳಲಿ. ಹುಡುಗನನ್ನು ಬೈಯುವುದು ಸುಲಭ, ಖರ್ಚಿಲ್ಲ.

ಆಮೇಲೆ ಅವನಿಗೆ ಮದುವೆಯಾಗುತ್ತದೆ. ಎರಡು ವರ್ಷ ಮಕ್ಕಳಾಗದಿದ್ದರೆ ಅತ್ತೆ ಮೊದಲು ಆಸ್ಪತ್ರೆಗೆ ಕರೆದೊಯ್ಯುವುದು ಸೊಸೆಯನ್ನು.